ಮಾಲೆ ತೆಗೆದ ಸಂಜೆಯ ಕೋಳಿಸಾರು

ನಮ್ಮ ಭಾವ ವರ್ಷಕ್ಕೊಮ್ಮೆ ಕುಡಿತ ಬಿಡುತ್ತಾರೆ. ಅಯ್ಯಪ್ಪನ ಮಾಲೆ ಕುತ್ತಿಗೆಗೆ ಬಿತ್ತು ಅಂದರೆ, ಶಬರಿಮಲೆಗೆ ಹೋಗಿಬಂದು ಅದನ್ನು ತೆಗೆಯುವವರೆಗೆ ಒಂದು ತೊಟ್ಟೂ ಮುಟ್ಟುವುದಿಲ್ಲ. ತೆಗೆದ ಸಂಜೆಯೇ ಮತ್ತೆ ಶುರು!

ಇದು ನನಗೆ ಯಾವತ್ತೂ ಅರ್ಥವಾಗಿರಲಿಲ್ಲ. ಬಿಡಲು ಆಗುತ್ತದೆ ಅಂದಮೇಲೆ ಮತ್ತೆ ಯಾಕೆ ಕುಡಿಯಬೇಕು? ದೇವರ ಭಯ ಮಣಿಸರದಲ್ಲಿ ಮಾತ್ರ ಇರುತ್ತದಾ?

ಅಕ್ಕ ರತ್ನಳನ್ನು ಕೊಟ್ಟಿರುವುದು ಶ್ರೀನಿವಾಸಪುರದ ಕಡೆ ಗೌನಿಪಲ್ಲಿಗೆ. ಭಾವನಿಗೆ ಮಾವಿನ ಮಂಡಿಯಲ್ಲಿ ಕೆಲಸ. ಒಳ್ಳೆಯ ಮನುಷ್ಯ (ಎಲ್ಲ ಕುಡುಕರ ಬಗ್ಗೆಯೂ ಹೀಗೇ ಹೇಳುತ್ತಾರೆ, ಗೊತ್ತು). ಹೋದ ವರ್ಷ ಕುಡಿದು ಬೈಕಿನಿಂದ ಬಿದ್ದು ಕೈ ಮುರಿದುಕೊಂಡರು. ಇನ್ನೊಂದು ಸಲ ಬಿದ್ದರೆ ಜೀವ ಉಳಿಯುತ್ತದಾ ಅಂತ ಅಕ್ಕನಿಗೆ ಚಿಂತೆ.

ಅದೇ ಭಯಕ್ಕೆ ಈ ಸಲ ಭಾವ ಮಾಲೆಯಲ್ಲಿದ್ದಾಗಲೇ ಅವಳು ಕೋಲಾರದ ಆಸ್ಪತ್ರೆಗೆ ಹೋದಳು. ಅಲ್ಲಿ ಕುಡಿಯುವವರ ಮನೆಯವರಿಗೂ ಕೌನ್ಸೆಲಿಂಗ್ ಮಾಡುತ್ತಾರಂತೆ. ಅವಳ ಅತ್ತೆಗೆ ಸಿಟ್ಟು. "ತಾಗುಬೋತು ಅವನು, ಆಸ್ಪತ್ರೆಗೆ ಹೋಗೋದು ನೀನಾ?" (ತಾಗುಬೋತು ಅಂದರೆ ಆ ಕಡೆ ಕುಡುಕ.) ಸತ್ಯ ಹೇಳಬೇಕೆಂದರೆ, ನನ್ನ ಪ್ರಶ್ನೆಯೂ ಅದೇ.

ಅಲ್ಲಿನ ಮೇಡಂ ಕೇಳಿದ್ದು ಇಷ್ಟೇ: ಮಾಲೆ ಇದ್ದಾಗ ಮನೆಯಲ್ಲಿ ಏನೇನು ಬದಲಾಗುತ್ತದೆ?

ಅಕ್ಕ ಫೋನಿನಲ್ಲಿ ಹೇಳಿದಳು. "ಎಲ್ರೂ ಸ್ವಾಮಿ ಅಂತೀವಿ ಕಣೇ. ತಾಗುಬೋತು ಅನ್ನೋ ಅತ್ತೇನೂ 'ಬಾ ಸ್ವಾಮಿ' ಅಂತಾರೆ. ಸಾಯಂಕಾಲ ಆದ್ರೆ ಭಜನೆ. ಕುಡಿಯೋ ಫ್ರೆಂಡ್ಸು ಇತ್ಲಾಗೆ ತಲೆ ಹಾಕಲ್ಲ."

"ಮಾಲೆ ತೆಗೆದ ದಿನ?" ಅಂದೆ.

"ನಾಟಿಕೋಳಿ ಕೊಯ್ತೀವಿ. ಮೈದುನ ಬಾಟಲ್ ತರ್ತಾನೆ. ಸಾರು ಮಾಡೋಳು ನಾನೇ ಕಣೇ!"

ನೋಡಿ ನಮ್ಮ ಜಾಣತನ! ಕುಡಿತ ಬಿಡಲಿ ಅಂತ ಮಾಲೆ ಹಾಕಿಸುವವರೂ ನಾವೇ, ಬಿಟ್ಟಿದ್ದು ಮುಗಿಯಿತು ಅಂತ ಹಬ್ಬ ಮಾಡುವವರೂ ನಾವೇ. (ದಿನವೂ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದಂತೆ, ಡಾಕ್ಟರಿಗೆ ತೋರಿಸಿಯೇ ಬಿಡಿಸಬೇಕಂತೆ. ಮೊದಲ ದಿನಗಳ ಕೈನಡುಕವನ್ನು ನಾವು ಭಕ್ತಿ ಅಂದುಕೊಂಡಿದ್ದೆವು!)

ಮೇಡಂ ಅಕ್ಕನನ್ನು ಬೈಯಲಿಲ್ಲ. ಅವರ ಕುಡಿತಕ್ಕೆ ನೀವು ಕಾರಣ ಅಲ್ಲ, ಬಿಡಿಸುವುದೂ ನಿಮ್ಮೊಬ್ಬರ ಕೈಲಿಲ್ಲ, ಆದರೆ ಸಾರಿನ ಜೊತೆ ಬಾಟಲಿ ಬರುವುದನ್ನು ತಡೆಯಬಹುದಲ್ಲ ಅಂದರಂತೆ.

ಈ ಜನವರಿಯಲ್ಲಿ ಮಾಲೆ ತೆಗೆದ ಸಂಜೆ ನಾನು ಅಕ್ಕನ ಮನೆಯಲ್ಲೇ ಇದ್ದೆ. ಕುತೂಹಲ ತಡೆಯಬೇಕಲ್ಲ! ಮೈದುನ ಸೀನ ಕಾಲು ಕಟ್ಟಿದ ಹುಂಜ ಹಿಡಿದು ಬಂದ. ಇನ್ನೊಂದು ಕೈಯ ಚೀಲದಲ್ಲಿ ಬಾಟಲಿ. "ವದಿನಾ, ಮಸಾಲೆ ರುಬ್ಬು!" (ಆ ಕಡೆ ಅತ್ತಿಗೆ ವದಿನ ಆಗುತ್ತಾಳೆ.)

"ಹುಂಜ ಭಾನುವಾರ ಕೊಯ್ಯೋಣ. ಆ ಚೀಲ ವಾಪಸ್ ತಗೊಂಡ್ಹೋಗು," ಅಂದಳು ಅಕ್ಕ.

ಸೀನ ಅಣ್ಣನ ಮುಖ ನೋಡಿದ. ಭಾವ ಬರಿಗುತ್ತಿಗೆ ಸವರಿಕೊಳ್ಳುತ್ತಾ ಚೀಲವನ್ನೇ ನೋಡುತ್ತಿದ್ದರು.

ಒಳಗಿನಿಂದ ಅತ್ತೆಯ ದನಿ ಬಂತು. "ಸ್ವಾಮೀ, ಮುದ್ದೆ ಆರೋಗ್ತದೆ. ಊಟಕ್ಕೆ ಬಾ."

"ಮಾಲೆ ತೆಗ್ದಾಯ್ತಲ್ಲಮ್ಮಾ," ಅಂದರು ಭಾವ.

"ತೆಗ್ದೋಳು ನಾನೇ ಅಲ್ವೇನೋ? ಗೊತ್ತು, ಬಾ."

ಭಾವ ಎದ್ದು ಒಳಗೆ ಹೋದರು. ಆ ಸಂಜೆ ಕುಡಿಯಲಿಲ್ಲ. ಮುಂದೆ? ಗೊತ್ತಿಲ್ಲ. ಕೋಲಾರಕ್ಕೆ ನಾನೂ ಬರ್ತೀನಿ ಅಂತ ಅಕ್ಕನಿಗೆ ಹೇಳಿದ್ದಾರೆ. ಬಸ್ಸು ಹತ್ತಿದ ಮೇಲೆ ನಂಬುತ್ತೇನೆ.

ಆದರೂ ಕೇಳುತ್ತೇನೆ: ಮಾಲೆಗೆ ಕೊಡುವ ಮರ್ಯಾದೆಯನ್ನು ಅದನ್ನು ಹಾಕಿಕೊಂಡ ಕುತ್ತಿಗೆಗೂ ಕೊಟ್ಟರೆ ಯಾವ ದೇವರು ಮುನಿಯುತ್ತಾನೆ?