ನಮ್ಮ ಮೇಡಮ್ ಹೇಳ್ಯಾರ
ಹುನಗುಂದದ ಕಡೆಯ ಸರಕಾರಿ ಶಾಲೆಯ ಹೆಡ್ಮಾಸ್ತರ ಹೊಳಬಸಪ್ಪನವರು ನಿವೃತ್ತಿ ಹತ್ತಿರ ಬಂದಾಗ ಶೈಕ್ಷಣಿಕ ನಾಯಕತ್ವದಲ್ಲಿ ಎಂ.ಎ.ಗೆ ಹೆಸರು ಹಚ್ಚಿದರು; ಅಂದಿನಿಂದ ಆ ಶಾಲೆಗೆ ನೆಮ್ಮದಿ ಇಲ್ಲ. ರವಿವಾರ ನವನಗರದ ತರಗತಿಗೆ ಬಸ್ಸು ಹತ್ತುತ್ತಾರೆ, ಸೋಮವಾರ ಪ್ರಾರ್ಥನೆ ಮುಗಿಯುವುದರೊಳಗೆ ಹೊಸದೊಂದು ಜಾರಿಗೆ ಬರುತ್ತದೆ. "ನಾಯಕ ಆದಾಂವ ಎಲ್ಲಾರಿಗೂ ಕಾಣಬೇಕಂತ ನಮ್ಮ ಮೇಡಮ್ ಹೇಳ್ಯಾರ" ಎಂದು ತಮ್ಮ ಕುರ್ಚಿಯನ್ನು ಬೇವಿನ ಮರದ ಕೆಳಗೆ ಹಾಕಿಸಿದರು. "ಅಧಿಕಾರ ಹಂಚಬೇಕಂತ ನಮ್ಮ ಮೇಡಮ್ ಹೇಳ್ಯಾರ" ಎಂದು ಗಂಟೆ ಬಾರಿಸುವ ಕೆಲಸವನ್ನು ಎಲ್ಲರಿಗೂ ಹಂಚಿದರು. ಇನ್ನೊಬ್ಬರು ಬಾರಿಸಿಯಾರೆಂದು ಎಲ್ಲರೂ ಕುಳಿತು, ಆ ದಿನ ಶಾಲೆ ಬಿಡುವುದೇ ತಡವಾಯಿತು. ಮನೆಯಲ್ಲಿ ಹೆಂಡತಿ ಸುನಂದಾಗೆ ರೊಟ್ಟಿಯ ವಿಷಯದಲ್ಲೂ ಮೇಡಮ್ ಹೇಳಿದ್ದನ್ನೇ ಹೇಳಹೋಗಿ, "ಹಂಗಾದ್ರ ನಿಮ್ಮ ಮೇಡಮ್ಮನ್ನ ಕರಕೊಂಡ ಬರ್ರಿ, ಅವರೇ ರೊಟ್ಟಿ ಬಡೀಲಿ" ಅನ್ನಿಸಿಕೊಂಡರು. ರವಿವಾರ ಎಂ.ಎ. ಪಾಠ ಹೇಳುವ ಆ ಮೇಡಮ್ ಮಹಾನಂದಾ, ಇಳಕಲ್ಲಿನ ನೇಕಾರರ ಮಗಳು. ಏಳನೆಯ ತರಗತಿ ಬಿಟ್ಟು ಮಗ್ಗಕ್ಕೆ ಕುಳಿತಿದ್ದವಳನ್ನು, ಮನೆಯವರಿಗೆ ದುಂಬಾಲು ಬಿದ್ದು ಮತ್ತೆ ಶಾಲೆಗೆ ಕರೆತಂದವರು ಈ ಹೊಳಬಸಪ್ಪನವರೇ. ಈಗ ಆಕೆ ತರಗತಿಗೆ ಬಂದರೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಾರೆ. "ಸರ, ನೀವು ಕುಂದರ್ರಿ" ಎಂದು ಆಕೆ ಸಂಕೋಚಪಟ್ಟರೆ, "ನೀವು ಪಾಠ ಸುರು ಮಾಡ್ರಿ ಮೇಡಮ್, ನಾ ಕುಂದರ್ತೇನಿ" ಎನ್ನುತ್ತಾರೆ. ಆಕೆ ಬೋರ್ಡಿನತ್ತ ತಿರುಗಿ ಸೀಮೆಸುಣ್ಣ ಎತ್ತುವುದನ್ನು ಮಾತ್ರ ಅವರು ನಿಂತೇ ನೋಡಬೇಕು.