ಸೊನ್ನೆಗಿಂತ ಆರು ಗೆರೆ ಕೆಳಗೆ

ಕಾಪುವಿನಿಂದ ಬಂದು, ಉಡುಪಿಯ ದೊಡ್ಡಪ್ಪನ ಮನೆಯಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೆ. ಒಂದು ವಿಷಯದಲ್ಲಿ ಫೇಲಾದರೂ ಓದು ಬಿಟ್ಟು ಊರಿಗೆ ಮರಳಬೇಕೆಂದು ದೊಡ್ಡಪ್ಪ ಮೊದಲ ದಿನವೇ ಹೇಳಿದ್ದರು.

ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ನಮ್ಮ ತಂಡಕ್ಕೆ ಚಾರ್ಲ್ಸ್‌ನ ನಿಯಮ ಬಂತು. ಒತ್ತಡ ಬದಲಾಗದಿದ್ದರೆ, ಬಿಸಿಯಾದ ಗಾಳಿ ಹಿಗ್ಗುತ್ತದೆ, ತಣಿದದ್ದು ಕುಗ್ಗುತ್ತದೆ. ಸಪೂರ ಗಾಜಿನ ಕೊಳವೆಯಲ್ಲಿ ಪಾದರಸದ ಹನಿಯ ಕೆಳಗೆ ಸಿಕ್ಕಿಕೊಂಡ ಗಾಳಿಯ ಉದ್ದವನ್ನು ಒಮ್ಮೆ ಕೋಣೆಯ ಉಷ್ಣತೆಯಲ್ಲಿ, ಇನ್ನೊಮ್ಮೆ ಐಸಿನಲ್ಲಿ ಅಳೆಯಬೇಕು. ಉಷ್ಣತೆಗೆ ೨೭೩ ಕೂಡಿಸಿ, ಅದರಿಂದ ಉದ್ದವನ್ನು ಭಾಗಿಸಿದರೆ ಎರಡು ಸಲವೂ ಒಂದೇ ಉತ್ತರ ಬರಬೇಕು.

ಐಸನ್ನು ಲ್ಯಾಬಿನ ಅಟೆಂಡರು ಬೆಳಿಗ್ಗೆ ಮಲ್ಪೆ ಬಂದರಿನಿಂದ ಗೋಣಿಯಲ್ಲಿ ತಂದಿದ್ದರು. ಅದನ್ನು ಬೀಕರಿಗೆ ತುಂಬಿ ಉಷ್ಣಮಾಪಕ ಇಳಿಸಿದೆ. ಪಾದರಸ ಸೊನ್ನೆಯಲ್ಲಿ ನಿಲ್ಲದೆ ಆರು ಗೆರೆ ಕೆಳಗಿಳಿಯಿತು. ತೆಗೆದು ಒರೆಸಿ ಮತ್ತೆ ಇಳಿಸಿದೆ. ಮತ್ತೆ ಅಷ್ಟೇ.

ಪಕ್ಕದ ಮೇಜಿನ ಗೆಳತಿ ಪಿಸುಗುಟ್ಟಿದಳು: "ಎಂತ ಮಾರಾಯ್ತಿ, ಐಸು ಅಂದ್ರೆ ಸೊನ್ನೆ ಅಲ್ವಾ? ಬರೆದು ಮುಗಿಸು."

ಸೊನ್ನೆ ಎಂದು ಬರೆದು ಲೆಕ್ಕ ಮಾಡಿದೆ. ಉತ್ತರಗಳು ತಾಳೆಯಾಗಲಿಲ್ಲ. ಹೊಡೆದುಹಾಕಿ ಮೈನಸ್ ಆರು ಎಂದು ಬರೆದೆ. ತಾಳೆಯಾದವು. ಆದರೆ ಕಾರಣ ಗೊತ್ತಿರಲಿಲ್ಲ, ಪರೀಕ್ಷಕರು ನನ್ನ ಮೇಜಿಗೆ ಬಂದಾಗಿತ್ತು.

"ಮೈನಸ್ ಆರೇ? ಹಿಮಾಲಯವನ್ನೇ ಉಡುಪಿಗೆ ತರಿಸಿದಿರೇನಮ್ಮಾ?"

ಯಾರೋ ನಕ್ಕರು. ನಾನು ಬಾಗಿ ನೋಡಿದೆ. ಬೀಕರಿನ ತಳದಲ್ಲಿ ಕರಗದ ದಪ್ಪ ಹರಳುಗಳು ಕಂಡದ್ದು ಆಗಲೇ.

"ಐಸಿನಲ್ಲಿ ಉಪ್ಪು ಉಂಟು ಸರ್, ಅದಕ್ಕೇ ಸೊನ್ನೆಗಿಂತ ಕೆಳಗಿಳಿದದ್ದು," ಎಂದೆ.

ಅವರು ಅಟೆಂಡರನ್ನು ಕರೆಸಿದರು.

"ಹೌದು ಸಾರ್, ಉಪ್ಪು ಬೆರೆಸಿಯೇ ತಂದದ್ದು," ಎಂದರು ಅಟೆಂಡರು, ತಪ್ಪೇನೆಂದು ತಿಳಿಯದೆ. "ಮೀನಿಗೆ ನಾವು ಹಾಗೇ ಮಾಡುದು. ಬರೀ ಐಸಿನಲ್ಲಿ ಬಂಗುಡೆ ಉಳೀತದಾ?"

ಪರೀಕ್ಷಕರು ನಗಲಿಲ್ಲ. ನನ್ನ ಲೆಕ್ಕವನ್ನು ಬೆರಳಿಟ್ಟು ಸಾಲು ಸಾಲಾಗಿ ಓದಿ ಸಹಿ ಹಾಕಿದರು. ಆಮೇಲೆ ಉಳಿದವರ ಹಾಳೆಗಳನ್ನು ನೋಡಿದರು. ಎಲ್ಲದರಲ್ಲೂ ಸೊನ್ನೆ.

"ಕಂಡದ್ದನ್ನು ಬರೆಯಿರಿ. ಎಲ್ಲರೂ ಮೊದಲಿನಿಂದ."

ಹೊರಡುವಾಗ ಗೆಳತಿಯ ಮೇಜಿನ ಬಳಿ ನಿಂತೆ. ಅವಳು ಹೊಸ ಹಾಳೆಗೆ ಗೆರೆ ಎಳೆಯುತ್ತಿದ್ದಳು.

"ನಿನ್ನದು ಆಯ್ತಲ್ಲ, ಹೋಗು," ಎಂದಳು ತಲೆ ಎತ್ತದೆ. "ಮೈನಸ್ ಅಂತ ನನಗೂ ಒಂದು ಮಾತು ಹೇಳಬಹುದಿತ್ತು."

ಹೇಳಬಹುದಿತ್ತು. ಪರೀಕ್ಷೆಯಲ್ಲಿ ಮಾತಾಡಬಾರದೆಂಬ ನಿಯಮ ನೆನಪಿಸಲು ಹೊರಟೆ; ನನಗಾಗಿ ಅವಳು ಅದನ್ನು ಮುರಿದು ಪಿಸುಗುಟ್ಟಿದ್ದು ನೆನಪಾಯಿತು.