ರಕ್ತದಲ್ಲಿ ತೇಲಿದ ಕೊಬ್ಬು, ನನ್ನ ಹೊಟ್ಟೆಕಿಚ್ಚು

ಕೋವಿಡ್ ತಣ್ಣಗಾದ ಮರುವರ್ಷ ನಾನು ಬಾಗಲಕೋಟೆಯ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಅರಿವಳಿಕೆ ತಜ್ಞೆಯಾಗಿದ್ದೆ. ಅಲ್ಲಿನ ಫಿಸಿಶಿಯನ್ ಹುನಗುಂದದ ಡಾ. ರಫೀಕ್. ಇಬ್ಬರದೂ ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಅನುಭವ. ಆದರೆ ರೋಗಿಗಳ ಮನೆಯವರು ನನ್ನನ್ನು ತಡೆದು ಕೇಳುತ್ತಿದ್ದದ್ದು ಒಂದೇ ಮಾತು: "ರಫೀಕ್ ಸಾಹೇಬ್ರು ಯಾವಾಗ ಬರ್ತಾರ್ರಿ?" ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಇಳಕಲ್ಲಿನ ನೇಕಾರ ಗುರುಸಿದ್ದಪ್ಪ ದಾಖಲಾದರು. ನ್ಯುಮೋನಿಯಾದ ಸೋಂಕು ರಕ್ತಕ್ಕೆ ಹರಡಿ ವೆಂಟಿಲೇಟರ್ ಹಾಕಬೇಕಾಯಿತು. ಯಂತ್ರದ ಉಸಿರಿಗೆ ಅವರು ಒದ್ದಾಡದಿರಲೆಂದು ಪ್ರೊಪೊಫಾಲ್ ಎಂಬ ನಿದ್ರೆಯ ಔಷಧಿಯನ್ನು ಸತತವಾಗಿ ಹರಿಸುತ್ತಿದ್ದೆವು. ಸೋಂಕು ಇಳಿಯತೊಡಗಿದರೂ ಹೊಟ್ಟೆ ಉಬ್ಬತೊಡಗಿತು. ರಫೀಕರಿಗೆ ಕಾರಣ ಸಿಗಲಿಲ್ಲ. ಅಷ್ಟರಲ್ಲಿ ಪರೀಕ್ಷೆಗೆಂದು ತೆಗೆದಿಟ್ಟ ರಕ್ತದ ಟ್ಯೂಬು ನನ್ನ ಕಣ್ಣಿಗೆ ಬಿತ್ತು. ತಿಳಿಯಾಗಿರಬೇಕಿದ್ದ ಮೇಲ್ಪದರ ಹಾಲಿನಂತೆ ಬೆಳ್ಳಗಿತ್ತು.

ತೀವ್ರ ಕಾಯಿಲೆಯಲ್ಲಿ ದೇಹ ತನ್ನದೇ ಕೊಬ್ಬನ್ನು ಕರಗಿಸಿ ಫ್ಯಾಟಿ ಆ್ಯಸಿಡ್‌ಗಳನ್ನು ರಕ್ತಕ್ಕೆ ಬಿಡುತ್ತದೆ. ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿ ಕಟ್ಟಿ ಮತ್ತೆ ರಕ್ತಕ್ಕೇ ಕಳಿಸುತ್ತದೆ. ಪ್ರೊಪೊಫಾಲ್ ಕೂಡ ಎಣ್ಣೆಯಲ್ಲಿ ಬೆರೆಸಿದ ಔಷಧಿ. ಎರಡೂ ಸೇರಿ ಕೊಬ್ಬು ಮಿತಿಮೀರಿದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಹೊಟ್ಟೆ ಉಬ್ಬುತ್ತದೆ, ಜೀವಕ್ಕೇ ಎರವಾಗಬಹುದು.

"ಪ್ರೊಪೊಫಾಲ್ ಬಂದ್ ಮಾಡೂಣ್ರಿ, ಬ್ಯಾರೆ ಔಷಧಿ ಹಚ್ಚೂಣು" ಎಂದು ಟ್ಯೂಬನ್ನು ರಫೀಕರ ಕೈಗಿಟ್ಟೆ.

ರಫೀಕ್ ಟ್ಯೂಬನ್ನು ಬೆಳಕಿಗೆ ಹಿಡಿದರು. "ಖರೆ ಐತ್ರಿ ಮೇಡಂ. ನನಗ ಹೊಳೀಲೇ ಇಲ್ಲ. ಈಗಲೇ ಬದಲಿಸ್ರಿ."

ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಇರಬೇಕಾದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಔಷಧಿ ಬದಲಿಸಿದ ಮೇಲೆ ಅದು ಇಳಿಯಿತು. ನಿಧಾನಕ್ಕೆ ಹೊಟ್ಟೆಯುಬ್ಬರವೂ ಇಳಿಯಿತು. ಗುರುಸಿದ್ದಪ್ಪ ಯಂತ್ರವಿಲ್ಲದೆ ಉಸಿರಾಡಿದರು.

ಬಿಡುಗಡೆಯ ದಿನ ಅವರ ಹೆಂಡತಿ ನೀಲವ್ವ ರಫೀಕರ ಕಾಲಿಗೆರಗಲು ಬಾಗಿದರು. ಪಕ್ಕದಲ್ಲೇ ಇದ್ದ ನನ್ನತ್ತ ತಿರುಗಲೂ ಇಲ್ಲ. ರಫೀಕ್ ಅವರನ್ನು ತಡೆದು, "ಅವ್ವಾರ, ನಿಮ್ಮ ಮನಿಯವ್ರ ಜೀವಾ ಉಳಿಸಿದವ್ರು ಈ ಮೇಡಂ" ಎಂದರು. ಶ್ರೇಯಸ್ಸನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದನ್ನು ಕಂಡು ನನ್ನ ಹೊಟ್ಟೆಕಿಚ್ಚು ಇನ್ನೂ ಹೆಚ್ಚಿತು. ಅವರ ಜಾಗದಲ್ಲಿದ್ದರೆ ನನ್ನ ಬಾಯಿಂದ ಆ ಮಾತು ಬರುತ್ತಿತ್ತೇ?

ನೀಲವ್ವ ನನಗೂ ಕೈಮುಗಿದರು. "ಇರಬಹುದ್ರಿ ಯವ್ವಾ, ನಿಮಗೂ ಶರಣು. ಆದ್ರ ನಾ ಹೊರಗ ಜೀವಾ ಕೈಯಾಗ ಹಿಡ್ಕೊಂಡು ಕುಂತಾಗ, ಬಾಜೂಕ ಕುಂತು 'ಇವತ್ತ ಹಿಂಗೈತಿ' ಅಂತ ದಿನಾ ಹೇಳಿದವ್ರು ಇವ್ರು. ನಿಮ್ಮ ಮಾರಿ ನಾ ಇವತ್ತ ನೋಡಾಕತ್ತೇನಿ."

ನಾನು ತಿರುಗಿ ಅವರಿಗೆ ಕೈಮುಗಿದೆ.

ಐಸಿಯುನ ಬಾಗಿಲಾಚೆ ಕಾಯುವವರಿಗೂ ವೈದ್ಯರು ಬೇಕು. ವೃತ್ತಿಯಲ್ಲಿ ನಾನು ಕಲಿತ ಆ ಪಾಠ ನೀಲವ್ವನ ಬಾಯಿಂದ ಬಂತು. ಈಗ ನಾನೂ ದಿನಾ ಹೊರಗೆ ಹೋಗಿ ಮನೆಯವರ ಜೊತೆ ಬೆಂಚಿನ ಮೇಲೆ ಕೂರುತ್ತೇನೆ. ರಫೀಕರಷ್ಟು ಸುಲಭವಾಗಿ ಮಾತು ಬರುವುದಿಲ್ಲ. ಅವರು ಕಾಣಿಸಿದರೆ ಜನ ನನ್ನ ಮಾತನ್ನು ಅರ್ಧಕ್ಕೇ ಬಿಟ್ಟು ಅತ್ತ ಎದ್ದು ಹೋಗುವುದೂ ಉಂಟು. ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ನಾನು ಬೆಂಚು ಬಿಟ್ಟು ಏಳುವುದಿಲ್ಲ.